ಕೊಟ್ಟಿಗೆಗೆ ನುಗ್ಗಿದವನ ಮೇಲೆ ಯಾವ ಸೆಕ್ಷನ್? – ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲದ ಅಂಕಣ ಪೂರ್ತಿ ಒಂದೇ ವಿಷ್ಯಕ್ಕೆ ಮೀಸಲು, ಪ್ರಾಣಿಗಳ ಜೊತೆ ಲೈಂಗಿಕ ಕೃತ್ಯ ಮಾಡಿದವ್ರ ಮೇಲೆ ಕಾನೂನಲ್ಲಿ ಏನಿದೆ ಅನ್ನೋದು. ಹಿಂದಿನ ಸಂಚಿಕೆಲಿ ಹೊಸ ನ್ಯಾಯ ಸಂಹಿತೆ ಬಗ್ಗೆ ಬರೀವಾಗ "ಹಳೇ ಐಪಿಸಿಯ 377ನೇ ಸೆಕ್ಷನ್ ಪೂರ್ತಿ ಬಿಟ್ಟೋಗಿದೆ, ಪ್ರಾಣಿಗಳ ಭಾಗನೂ ಸೇರಿ" ಅಂತ ಒಂದು ಸಾಲು ಬರ್ದಿದ್ದೆ, ಅದನ್ನ ಹಿಡ್ಕೊಂಡು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಕಾಗದ, ವಾಟ್ಸಾಪ್ ಮೆಸೇಜು ಬರ್ತಾನೇ ಇವೆ. ಹೆಸರು, ಊರು ತೆಗೆದು ತಾಲ್ಲೂಕು ಮಾತ್ರ ಇಟ್ಟಿದ್ದೀನಿ. ಮನೆ ಮಂದಿ ಮುಂದೆ ಜೋರಾಗಿ ಓದೋ ವಿಷ್ಯ ಅಲ್ಲ ನಿಜ, ಆದ್ರೆ ಮನೆಮನೇಲೂ ದನ ಕಟ್ಟೋ ಜಿಲ್ಲೆಗಳಲ್ಲಿ ಇದನ್ನ ಇಷ್ಟು ವರ್ಷ ಮುಚ್ಚಿಟ್ಟಿದ್ರಿಂದಾನೇ ಸ್ಟೇಷನ್‌ಗೆ ಹೋದವ್ರಿಗೂ ಏನ್ ಕೇಳ್ಬೇಕು ಗೊತ್ತಿಲ್ಲ, ಅಲ್ಲಿ ಬರ್ಕೊಳೋರಿಗೂ ಏನ್ ಬರ್ಕೋಬೇಕು ಗೊತ್ತಿಲ್ಲ.

ವಕೀಲ್ರೇ ನಮಸ್ಕಾರ. ನಮ್ಮನೇಲಿ ಎರಡು ಸೀಮೆಹಸು ಇದೆ, ಡೈರಿಗೆ ಹಾಲು ಹಾಕೇ ಸಂಸಾರ ನಡೀತಿರೋದು. ಹೋದ ತಿಂಗ್ಳು ಒಂದು ರಾತ್ರಿ ಕೊಟ್ಟಿಗೇಲಿ ಹಸು ಒಂದೇ ಸಮ ಕೂಗ್ತಾನೇ ಇತ್ತು, ಟಾರ್ಚ್ ಹಿಡ್ಕೊಂಡು ಹೋಗಿ ನೋಡಿದ್ರೆ ಪಕ್ಕದೂರಿನವನೊಬ್ಬ ಹಗ್ಗದಲ್ಲಿ ಹಸುವಿನ ಹಿಂಗಾಲು ಕಟ್ಟಿ ನಿಂತವ್ನೆ, ಮಿಕ್ಕಿದ್ದು ಬಾಯಲ್ಲಿ ಹೇಳೋಕಾಗಲ್ಲ. ಹಿಡ್ಕೊಂಡು ಸ್ಟೇಷನ್‌ಗೆ ಹೋದ್ರೆ "ಇದಕ್ಕೀಗ ಸೆಕ್ಷನ್ನೇ ಇಲ್ಲ ಕಣಪ್ಪ, 377 ತೆಗೆದ್ಬಿಟ್ಟವ್ರೆ, ಬುದ್ಧಿ ಹೇಳಿ ಕಳಿಸ್ತೀವಿ ಹೋಗು" ಅಂದ್ರು. ನಿಜಾನಾ? – ರೈತರು, ಚಿಂತಾಮಣಿ ತಾಲ್ಲೂಕು

ಅರ್ಧ ನಿಜ, ಇನ್ನರ್ಧ ಕೈ ತೊಳ್ಕೊಳೋ ಮಾತು.

ನಿಜವಾದ ಅರ್ಧ ಮೊದ್ಲು ಹೇಳ್ತೀನಿ. 2024ರ ಜುಲೈ 1ರ ತನಕ ನಡೀತಿದ್ದಿದ್ದು 1860ರ ಐಪಿಸಿ, ಅಂದ್ರೆ ಭಾರತೀಯ ದಂಡ ಸಂಹಿತೆ. ಅದ್ರ 377ನೇ ಸೆಕ್ಷನ್ನು ಗಂಡಸು, ಹೆಂಗಸು, ಪ್ರಾಣಿ ಮೂರನ್ನೂ ಒಂದೇ ಸಾಲಲ್ಲಿ ಪೋಣಿಸಿ, ಪ್ರಕೃತಿ ನಿಯಮಕ್ಕೆ ವಿರುದ್ಧವಾಗಿ ಸಂಭೋಗ ಮಾಡಿದವ್ರಿಗೆ ಜೀವಾವಧಿ ಇಲ್ಲಾಂದ್ರೆ 10 ವರ್ಷದ ತನಕ ಜೈಲು, ಮೇಲೆ ದಂಡ ಅಂತಿತ್ತು. ಪೊಲೀಸ್ರು ಯಾರ ಪರ್ಮಿಷನ್ನೂ ಇಲ್ದೆ ಎಫ್‌ಐಆರ್ ಹಾಕ್ಬೋದಿತ್ತು, ಸ್ಟೇಷನ್ ಬೇಲ್ ಇರ್ಲಿಲ್ಲ. ಅದ್ರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಲಿ ಆ ಸೆಕ್ಷನ್ನೇ ಇಲ್ಲ, ಬೇರೆ ನಂಬರ್ ಕೊಟ್ಟು ಇನ್ನೆಲ್ಲೋ ಇಟ್ಟವ್ರೆ ಅಂತ ಹುಡುಕ್ಬೇಡಿ, ಇಲ್ಲ. ಯಾರ ಕಣ್ಣಿಗೂ ಬೀಳ್ದೆ ಜಾರಿಹೋಯ್ತು ಅಂತನೂ ಹೇಳೋಕಾಗಲ್ಲ, ಯಾಕಂದ್ರೆ 2023ರ ನವೆಂಬರ್‌ನಲ್ಲೇ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ, ಒಪ್ಪಿಗೆ ಇಲ್ದೆ ಮಾಡಿದ ಕೃತ್ಯ ಮತ್ತೆ ಪಶು ಸಂಭೋಗ ಇವೆರಡಕ್ಕೆ 377ನ್ನ ಉಳಿಸ್ಕೊಳಿ ಅಂತ ಬರೆದುಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಪಾಸಾದ ಮಸೂದೇಲಿ ಅದು ಬರ್ಲಿಲ್ಲ. 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಮುಂದೆ ಇದೇ ಪ್ರಶ್ನೆ ಬಂತು, ಕೋರ್ಟು ಅದನ್ನ ಮನವಿ ಅಂತ ತಗೊಂಡು ಬೇಗ ತೀರ್ಮಾನ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ಗೂ ಹೋದ್ರು, ಹೊಸ ಅಪರಾಧ ಸೃಷ್ಟಿ ಮಾಡೋದು ಸಂಸತ್ತಿನ ಕೆಲ್ಸ, ನಮ್ದಲ್ಲ ಅಂದ್ರು ಅಲ್ಲಿ.

ಈಗ ಆ ಸ್ಟೇಷನ್‌ನವ್ರು ಹೇಳ್ದೇ ಬಿಟ್ಟ ಅರ್ಧ. ನಿಮ್ಮ ಕೊಟ್ಟಿಗೆಗೆ ರಾತ್ರಿ ಹೊತ್ತು ನುಗ್ಗಿದ್ದಕ್ಕೆ ಸಂಹಿತೆಯ 329, 331 ಇದೆ, ಅತಿಕ್ರಮ ಪ್ರವೇಶ, ರಾತ್ರಿ ಕದ್ದುಮುಚ್ಚಿ ಒಳಗೆ ನುಗ್ಗೋದು. ಮನೆ ಅಂದ್ರೆ ಜನ ಮಲಗೋ ಜಾಗ ಮಾತ್ರ ಅಲ್ಲ, ಆಸ್ತಿ ಇಡೋ ಕಟ್ಟಡನೂ ಅದ್ರಲ್ಲಿ ಬರುತ್ತೆ, ಹಸು ನಿಮ್ಮ ಆಸ್ತಿ. ಹಸುಗೆ ಗಾಯ ಆಗಿ ಊನ ಆಗಿದ್ರೆ, ಕೆಲ್ಸಕ್ಕೆ ಬಾರದ ಹಾಗೆ ಆಗಿದ್ರೆ 325, ಅದಕ್ಕೆ 5 ವರ್ಷದ ತನಕ ಜೈಲಿದೆ. ಇವೆಲ್ಲ ಪೊಲೀಸ್ರು ನೇರ ಎಫ್‌ಐಆರ್ ಹಾಕೋ ಅಪರಾಧಗಳೇ. ಇದ್ರ ಜೊತೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11(1)(ಎ), ಅನಗತ್ಯ ನೋವು ಕೊಟ್ಟವ್ರ ಮೇಲೆ. ಅದ್ರ ಶಿಕ್ಷೆ ಕೇಳಿದ್ರೆ ನಗು ಬರುತ್ತೆ, ಮೊದಲ ಸಲಕ್ಕೆ 10 ರೂಪಾಯಿಂದ 50 ರೂಪಾಯಿ ದಂಡ. 3 ವರ್ಷದೊಳಗೆ ಮತ್ತೆ ಮಾಡಿದ್ರೆ 25ರಿಂದ 100 ರೂಪಾಯಿ ಇಲ್ಲಾ 3 ತಿಂಗ್ಳ ತನಕ ಜೈಲು, ಇಲ್ಲಾ ಎರಡೂ. ಚಿಂತಾಮಣಿ ಬಸ್‌ಸ್ಟ್ಯಾಂಡಲ್ಲಿ ಒಂದು ದೋಸೆ ತಿಂದ್ರೆ ಆ ಮೊದಲ ಸಲದ ದಂಡಕ್ಕಿಂತ ಜಾಸ್ತಿ ಆಗುತ್ತೆ.

ಈ 11(1)(ಎ) ಒಂದೇ ಹಾಕಿದ್ರೆ ಅದು ಅಸಂಜ್ಞೇಯ, ಮ್ಯಾಜಿಸ್ಟ್ರೇಟ್ ಆರ್ಡರ್ ಇಲ್ದೆ ಪೊಲೀಸ್ರು ತನಿಖೆ ಮಾಡೋಂಗಿಲ್ಲ, ಎನ್‌ಸಿಆರ್ ಅಂತ ಬರೀ ದಾಖಲೆ ಮಾಡ್ಕೊಂಡು ಕಳಿಸ್ತಾರೆ. ಆದ್ರೆ ಒಂದೇ ಘಟನೇಲಿ ಒಂದು ಅಪರಾಧ ಸಂಜ್ಞೇಯ, ಅಂದ್ರೆ ಪೊಲೀಸ್ರು ನೇರ ಎಫ್‌ಐಆರ್ ಹಾಕೋ ಥರದ್ದು, ಆಗಿದ್ರೂ ಇಡೀ ಕೇಸು ಸಂಜ್ಞೇಯನೇ ಅಂತ ಪೊಲೀಸ್ರು, ಕೋರ್ಟು ಕೇಸು ನಡೆಸೋ ಕ್ರಮ ಹೇಳೋ ನಾಗರಿಕ ಸುರಕ್ಷಾ ಸಂಹಿತೆ 174(4) ಹೇಳುತ್ತೆ. ಅದಕ್ಕೇ ದೂರಲ್ಲಿ ಬರೀ "ಅಸಹ್ಯ ಕೆಲ್ಸ ಮಾಡ್ದ" ಅಂತ ಬರೀಬೇಡಿ, ಎಷ್ಟು ಹೊತ್ತಿಗೆ ಬಂದ, ಬಾಗ್ಲು ಹಾಕಿತ್ತಾ, ಹಗ್ಗ ಯಾರದ್ದು, ಹಸುಗೆ ಎಲ್ಲೆಲ್ಲಿ ಗಾಯ, ಮಾರನೇ ದಿನ ಹಾಲು ಎಷ್ಟು ಕಮ್ಮಿ ಕೊಡ್ತು, ಎಲ್ಲ ಬರೀರಿ. ಡೈರಿ ಪಾಸ್‌ಬುಕ್ಕಲ್ಲಿ ಹಾಲಿನ ಲೆಕ್ಕ ಇರುತ್ತಲ್ಲ, ಅದ್ರ ಜೆರಾಕ್ಸ್ ಲಗತ್ತಿಸಿ. ಎಫ್‌ಐಆರ್ ಹಾಕಲ್ಲ ಅಂದ್ರೆ ಯಾಕೆ ಹಾಕಲ್ಲ ಅಂತ ಬರೆದು ಹಿಂಬರಹ ಕೊಡಿ ಅಂತ ಕೇಳಿ, ಕೊಡ್ದಿದ್ರೆ ಎಸ್‌ಪಿ ಆಫೀಸಿಗೆ ರಿಜಿಸ್ಟರ್ ಪೋಸ್ಟ್ ಹಾಕಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಜೆಎಂಎಫ್‌ಸಿ ಅಂದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಖಾಸಗಿ ದೂರು.

ಇನ್ನೊಂದು, ಇದನ್ನ ದಯವಿಟ್ಟು ಗುರ್ತು ಹಾಕ್ಕೊಳಿ. ಪ್ರಾಣಿ ಹಿಂಸೆ ಕಾಯ್ದೆ ಕೆಳಗೆ ಕೇಸು ನಡೆಸ್ಬೇಕು ಅಂದ್ರೆ ಘಟನೆ ಆಗಿ 3 ತಿಂಗ್ಳ ಒಳಗೆ ಶುರು ಆಗ್ಬೇಕು, ಸೆಕ್ಷನ್ 36. ನಿಮ್ದು ಹೋದ ತಿಂಗ್ಳದ್ದು ಅಂತೀರ, ಜಾತ್ರೆ ಮುಗೀಲಿ, ರಾಗಿ ಕಟಾವು ಆಗ್ಲಿ ಅಂತ ಕೂತ್ರೆ ಅದೂ ಹೋಯ್ತು.

ಬೇರೆಯವ್ರಿಗೂ ಹೇಳ್ತಿದ್ದೀನಿ, ಇಂಥದ್ದು ಆದಾಗ ನಮ್ ಜನ ಮೊದ್ಲು ಮಾಡೋದು ಹಸುನ ಬೋರ್‌ವೆಲ್ ಹತ್ರ ನಿಲ್ಸಿ ಚೆನ್ನಾಗಿ ತೊಳ್ಯೋದು, ಮೈಲಿಗೆ ಹೋಗ್ಲಿ ಅಂತ. ತೊಳೀಬೇಡಿ. ಪಶು ಚಿಕಿತ್ಸೆ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಇಲ್ಲಾ ಹತ್ರದ ಪಶು ಆಸ್ಪತ್ರೆ ಡಾಕ್ಟ್ರನ್ನ ಕರೆಸಿ, ಪರೀಕ್ಷೆ ಮಾಡಿ ಬರವಣಿಗೇಲಿ ವರದಿ ಕೊಡಿ ಅಂತ ಕೇಳಿ, ಸ್ಯಾಂಪಲ್ ತೆಗೆದು ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳ್ಸೋದು ಪೊಲೀಸ್ರ ಮೂಲಕ ಆಗ್ಬೇಕು. ಹಸು ಬಾಯ್ಬಿಟ್ಟು ಸಾಕ್ಷಿ ಹೇಳಲ್ಲ, ಆ ವರದಿ ಒಂದೇ ಅದ್ರ ಸಾಕ್ಷಿ.

2018ರಲ್ಲಿ ಸುಪ್ರೀಂ ಕೋರ್ಟೇ 377 ರದ್ದು ಮಾಡ್ತಲ್ಲ ಸಾರ್, ಅವತ್ತಿಂದ್ಲೇ ಪ್ರಾಣಿ ಜೊತೆ ಮಾಡಿದ್ರೂ ಕೇಸಿಲ್ಲ ಅಂತ ನಮ್ ಗ್ರೂಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ. – ಕೆಎಎಸ್‌ಗೆ ಓದ್ತಿರೋ ಯುವಕ, ತುಮಕೂರು

ಸುಳ್ಳು. ನವತೇಜ್ ಸಿಂಗ್ ಜೋಹರ್ ಕೇಸು, 2018ರ ಸೆಪ್ಟೆಂಬರ್ 6ರ ತೀರ್ಪು, ಐದು ಜನ ಜಡ್ಜ್‌ಗಳ ಪೀಠ. ವಯಸ್ಸಿಗೆ ಬಂದ ಇಬ್ರು ಒಪ್ಪಿ ಖಾಸಗಿಯಾಗಿ ಇರೋದು ಅಪರಾಧ ಅಲ್ಲ, ಅಷ್ಟು ಭಾಗ ಮಾತ್ರ ಸಂವಿಧಾನಕ್ಕೆ ವಿರುದ್ಧ ಅಂದ್ರು. ಒಪ್ಪಿಗೆ ಇಲ್ದೆ ಮಾಡೋದು, ಪ್ರಾಣಿ ಜೊತೆ ಮಾಡೋದು ಇವೆರಡಕ್ಕೂ 377 ಹಾಗೇ ಇರುತ್ತೆ ಅಂತ ಅದೇ ತೀರ್ಪಲ್ಲಿ ಸ್ಪಷ್ಟವಾಗಿ ಬರ್ದವ್ರೆ. ಎರಡು ಬೇರೆ ಬೇರೆ ವಿಷ್ಯನ ಬ್ರಿಟಿಷ್ರು ಒಂದೇ ಸಾಲಲ್ಲಿ ಕಟ್ಟಿಹಾಕಿದ್ರು, ಕೋರ್ಟು ಬಿಡಿಸಿ ಇಟ್ಟಿತ್ತು, 2023ರಲ್ಲಿ ಕಾನೂನು ಬರೆದವ್ರು ಎರಡನ್ನೂ ಒಟ್ಟಿಗೆ ಎತ್ತಿ ಆಚೆ ಹಾಕಿದ್ರು. ಬೈಯೋದಿದ್ರೆ ಆ ತೀರ್ಪನ್ನ ಬೈಬೇಡಿ.

ಪರೀಕ್ಷೆಗೆ ಓದ್ತಿದ್ದೀರ ಅಂದ್ರೆ ಇನ್ನೊಂದು ಪಾಯಿಂಟು. 2024ರ ಜುಲೈ 1ಕ್ಕೆ ಮುಂಚೆ ನಡೆದ ಘಟನೆಗೆ ಇವತ್ತೂ 377 ಅನ್ವಯ ಆಗುತ್ತೆ, ಸಂಹಿತೆಯ 358 ಹಳೇ ಕೇಸುಗಳನ್ನ ಉಳಿಸಿದೆ. ಉಲ್ಟಾ, ನಾಳೆ ಸಂಸತ್ತು ಹೊಸ ಸೆಕ್ಷನ್ ತಂದ್ರೂ ಅದು ಇವತ್ತಿನ ಘಟನೆಗೆ ಹಿಂದಕ್ಕೆ ಹೋಗಿ ತಗಲಲ್ಲ, ಸಂವಿಧಾನದ 20(1)ನೇ ವಿಧಿ. ಹಂಗಾಗಿ ಜೂನ್ 30ರ ರಾತ್ರಿ ಮಾಡಿದವ್ನಿಗೆ ಜೀವಾವಧಿ ತನಕ ಇದೆ, ಮಾರನೇ ರಾತ್ರಿ ಮಾಡಿದವ್ನಿಗೆ 50 ರೂಪಾಯಿ.

ನನ್ ಮಗ ಜರ್ಮನಿಲಿದಾನೆ, ಅಳಿಯ ಕೆನಡಾದಲ್ಲಿ. ಆ ದೇಶಗಳಲ್ಲಿ ಇದೆಲ್ಲ ಓಪನ್ ಅಂತೆ, ಕಾನೂನೇ ಇಲ್ವಂತೆ ಅಂತ ಊರಲ್ಲಿ ಮಾತಾಡ್ಕೋತಾರೆ. ಒಂದೊಂದು ದೇಶದಲ್ಲಿ ಒಂದೊಂದು ಥರ ಯಾಕೆ? – ನಿವೃತ್ತ ಮೇಷ್ಟ್ರು, ಕೋಲಾರ

ಮೇಷ್ಟ್ರೇ, ನಿಮ್ಮೂರಿನವ್ರು ಹೇಳ್ತಿರೋದು ಒಂದು ಕಾಲಕ್ಕೆ ನಿಜ ಆಗಿತ್ತು, ಈಗ ಕಥೆ ತಿರುಗಿದೆ, ಈಗ ಸೆಕ್ಷನ್ ಇಲ್ದೆ ಕೂತಿರೋರು ನಾವು.

ಜರ್ಮನಿಯವ್ರು 1969ರಲ್ಲಿ ಹಳೇ ನೈತಿಕತೆ ಕಾನೂನುಗಳನ್ನ ಕಿತ್ತು ಹಾಕುವಾಗ ಇದನ್ನೂ ಅಪರಾಧದ ಪಟ್ಟಿಯಿಂದ ತೆಗೆದ್ರು. ನಾವು 2023ರಲ್ಲಿ ಮಾಡಿದ್ದೂ ಅದೇ. ನಲವತ್ತು ವರ್ಷ ಮೇಲಾದ್ಮೇಲೆ, 2013ರಲ್ಲಿ, ಅವ್ರು ಮತ್ತೆ ತಂದ್ರು, ಆದ್ರೆ ಹಳೇ ಜಾಗಕ್ಕಲ್ಲ, ಪ್ರಾಣಿ ರಕ್ಷಣಾ ಕಾಯ್ದೆ ಒಳಗೆ. ಪ್ರಾಣಿನ ಲೈಂಗಿಕ ಕೃತ್ಯಕ್ಕೆ ಬಳಸಿ ಅದ್ರ ಸ್ವಭಾವಕ್ಕೆ ವಿರುದ್ಧವಾಗಿ ನಡ್ಕೊಳೋ ಹಾಗೆ ಬಲವಂತ ಮಾಡೋಂಗಿಲ್ಲ, ಮಾಡಿದ್ರೆ 25 ಸಾವಿರ ಯೂರೋ ತನಕ ದಂಡ. ಜೈಲಿಲ್ಲ, ದಂಡ ಮಾತ್ರ, ಗಮನಿಸಿ. ಇದು ನಮ್ಮ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ಇಬ್ರು ಅಲ್ಲಿನ ಸಾಂವಿಧಾನಿಕ ಕೋರ್ಟ್‌ಗೂ ಹೋಗಿದ್ರು, 2015ರ ಡಿಸೆಂಬರ್‌ನಲ್ಲಿ ಕೋರ್ಟು ತಳ್ಳಿಹಾಕ್ತು.

ಸ್ವೀಡನ್ 1944ರಲ್ಲೇ ತೆಗೆದಿತ್ತು, 2014ರಲ್ಲಿ ವಾಪಸ್ ನಿಷೇಧ. ನಾರ್ವೆ 1972ರಲ್ಲಿ ತೆಗೆದು 2010ರಿಂದ ನಿಷೇಧ. ಡೆನ್ಮಾರ್ಕ್ 2015ರಲ್ಲಿ. ಈ ಡೆನ್ಮಾರ್ಕ್ ಕಥೆ ನಮಗೆ ಹತ್ರದ್ದು, ಯಾಕಂದ್ರೆ ಅಲ್ಲಿ ಅದಕ್ಕೆ ಮುಂಚೆನೂ ಪ್ರಾಣಿ ಹಿಂಸೆ ಕಾನೂನಿತ್ತು, ಪ್ರಾಣಿಗೆ ನೋವಾಗಿದೆ ಅಂತ ತೋರಿಸಿದ್ರೆ ಮಾತ್ರ ಶಿಕ್ಷೆ. ನಮ್ಮ 11(1)(ಎ) ಇದ್ದಹಾಗೇ. ಕಷ್ಟ ಬಂದಿದ್ದೇ ಅಲ್ಲಿ, ಗಾಯ ಕಾಣ್ಲಿಲ್ಲ ಅಂದ್ರೆ ಕೇಸು ನಿಲ್ತಿರ್ಲಿಲ್ಲ, ಪ್ರಾಣಿ ಬಾಯ್ಬಿಟ್ಟು ಹೇಳಲ್ಲ. ಕೊನೆಗೆ ಅಲ್ಲಿನ ಸಂಸತ್ತಲ್ಲಿ 91 ಓಟು ಪರ, 75 ವಿರುದ್ಧ ಬಿದ್ದು, ನೋವಿನ ಸಾಬೀತು ಬೇಕಿಲ್ಲ, ಕೃತ್ಯನೇ ಅಪರಾಧ ಅಂತಾಯ್ತು. ಅಷ್ಟು ಜನ ವಿರುದ್ಧ ಹಾಕಿದ್ದು ಯಾಕೆ ಅಂತ ಆಶ್ಚರ್ಯ ಆಗುತ್ತೆ ಅಲ್ವಾ, ಇರೋ ಹಿಂಸೆ ಕಾನೂನೇ ಸಾಕು ಅನ್ನೋ ವಾದ ಅಲ್ಲಿ ಜೋರಾಗಿತ್ತು. ಸಾಕಾಗಲ್ಲ ಅನ್ನೋದಕ್ಕೆ ಮೇಲಿನ ಚಿಂತಾಮಣಿ ಕಾಗದ ಓದಿ.

ಇಂಗ್ಲೆಂಡ್ ದಾರಿ ಬೇರೆ, ಅವ್ರು ಯಾವತ್ತೂ ಪೂರ್ತಿ ಕೈಬಿಡ್ಲಿಲ್ಲ, ಶಿಕ್ಷೆ ಇಳಿಸ್ಕೊಂಡು ಬಂದ್ರು. 1533ರಲ್ಲಿ ಎಂಟನೇ ಹೆನ್ರಿ ಕಾಲದ ಕಾಯ್ದೇಲಿ ಮರಣದಂಡನೆ, 1861ರಲ್ಲಿ ಜೀವಾವಧಿ, 2003ರ ಲೈಂಗಿಕ ಅಪರಾಧಗಳ ಕಾಯ್ದೆ 69ನೇ ಸೆಕ್ಷನ್‌ನಲ್ಲಿ ಹೆಚ್ಚೂಂದ್ರೆ 2 ವರ್ಷ. ಅವ್ರು ತಮ್ಮ ಮನೇಲಿ ಇಳಿಸ್ಕೊಂಡ್ರೂ ಊರೂರಿಗೆ ಹಂಚಿದ್ದು ಹಾಗೇ ಉಳೀತು. ಮಲೇಷ್ಯಾದಲ್ಲಿ ಇವತ್ತೂ 377, 20 ವರ್ಷದ ತನಕ ಜೈಲು. ಸೇತುವೆ ದಾಟಿ ಸಿಂಗಾಪುರಕ್ಕೆ ಬಂದ್ರೆ 2007ರಲ್ಲಿ ಹಳೇ 377 ತೆಗೆದು, ಪ್ರಾಣಿಗೆ ಅಂತಾನೇ 377ಬಿ ಬೇರೆ ಮಾಡಿದ್ರು, ಅಲ್ಲಿ 2 ವರ್ಷ. ನೋಡಿ, ನಮ್ ಥರಾನೇ ಐಪಿಸಿ ಮಕ್ಳು ಅವ್ರೂ, ಹಳೇದು ತೆಗೆದ ದಿನಾನೇ ಪ್ರಾಣಿ ಭಾಗಕ್ಕೆ ಬೇರೆ ಸೆಕ್ಷನ್ ಬರ್ಕೊಂಡ್ರು, ಅಂಥ ಕಷ್ಟದ ಕೆಲ್ಸ ಏನಲ್ಲ. ಪಾಕಿಸ್ತಾನ, ಬಾಂಗ್ಲಾದೇಶದಲ್ಲಿ ಹಳೇ 377 ಇನ್ನೂ ಕೂತಿದೆ. ಆಸ್ಟ್ರೇಲಿಯಾ ಒಂದೇ ದೇಶ, ಆದ್ರೆ ನ್ಯೂ ಸೌತ್ ವೇಲ್ಸಲ್ಲಿ 14 ವರ್ಷ, ಪಕ್ಕದ ವಿಕ್ಟೋರಿಯಾದಲ್ಲಿ 5.

ಅಳಿಯಂದ್ರು ಇರೋ ಕೆನಡಾದಲ್ಲಿ ಕಾನೂನಿತ್ತು, 10 ವರ್ಷದ ತನಕ ಶಿಕ್ಷೆನೂ ಇತ್ತು, ಆದ್ರೆ ಪಶು ಸಂಭೋಗ ಅಂದ್ರೆ ಏನು ಅಂತ ಕಾಯ್ದೇಲಿ ಬರ್ದಿರ್ಲಿಲ್ಲ. 2016ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹಳೇ ಇಂಗ್ಲಿಷ್ ಕಾನೂನಿನ ಪ್ರಕಾರ ಪೂರ್ಣ ಸಂಭೋಗ ಆಗಿದ್ರೆ ಮಾತ್ರ ಅಪರಾಧ, ಬೇರೆ ಥರದ್ದು ಇದ್ರಲ್ಲಿ ಬರಲ್ಲ, ಬರ್ಬೇಕಂದ್ರೆ ಸಂಸತ್ತು ಬದಲಾಯಿಸ್ಲಿ ಅಂತ ಒಬ್ನನ್ನ ಆ ಆರೋಪದಿಂದ ಬಿಟ್ಟುಬಿಡ್ತು. ಒಬ್ರು ಜಡ್ಜ್ ಮಾತ್ರ ಒಪ್ಲಿಲ್ಲ. ಸಂಸತ್ತು 2019ರಲ್ಲಿ ತಿದ್ದಿ, ಲೈಂಗಿಕ ಉದ್ದೇಶಕ್ಕೆ ಪ್ರಾಣಿ ಜೊತೆ ಮಾಡೋ ಯಾವುದೇ ಸಂಪರ್ಕ ಅಪರಾಧ ಅಂತ ಬರೀತು. ನಮ್ಮ ಹಳೇ 377ರಲ್ಲೂ ಇದೇ ತೊಡಕಿತ್ತು, ಅದನ್ನ ಹಾಗೇ ವಾಪಸ್ ತನ್ನಿ ಅನ್ನೋರು ಈ ಕೆನಡಾ ತೀರ್ಪು ಒಂದ್ಸಲ ಓದ್ಬೇಕು.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ವಾಷಿಂಗ್ಟನ್ ರಾಜ್ಯದಲ್ಲಿ 2005ರಲ್ಲಿ ಇದಕ್ಕೆ ಕಾನೂನೇ ಇರ್ಲಿಲ್ಲ. ಆ ವರ್ಷ ಎನಮ್‌ಕ್ಲಾ ಅನ್ನೋ ಊರ ಹತ್ರ ಒಬ್ಬ ಕುದುರೆ ಜೊತೆ ಹೀಗೆ ಮಾಡೋಕೆ ಹೋಗಿ ಸತ್ತ. ಜೊತೇಲಿದ್ದವನ ಮೇಲೆ ಹಾಕೋಕೆ ಸೆಕ್ಷನ್ ಹುಡುಕಿದ್ರೆ ಸಿಕ್ಕಿದ್ದು ಒಂದೇ, ಬೇರೆಯವ್ರ ಕೊಟ್ಟಿಗೆಗೆ ಕೇಳ್ದೆ ನುಗ್ಗಿದ್ದು! 300 ಡಾಲರ್ ದಂಡ, ಒಂದು ವರ್ಷದ ಶಿಕ್ಷೆ ಅದೂ ಅಮಾನತಲ್ಲಿ. ಮಾರನೇ ವರ್ಷವೇ ಅಲ್ಲಿ ಕಾನೂನು ಬಂತು. ಫ್ಲೋರಿಡಾ 2011, ಟೆಕ್ಸಾಸ್ 2017, ಹವಾಯಿ ಮತ್ತೆ ವಯೋಮಿಂಗ್ 2021, ನ್ಯೂ ಮೆಕ್ಸಿಕೊ 2023. ಆಮೇಲೆ ಉಳ್ಕೊಂಡಿದ್ದು ವೆಸ್ಟ್ ವರ್ಜೀನಿಯಾ ಒಂದೇ.

ಹಂಗಾಗಿ ಯಾಕೆ ಬೇರೆ ಬೇರೆ ಅಂದ್ರೆ, ಯಾರಿಗೆ ಅನ್ಯಾಯ ಆಯ್ತು ಅನ್ನೋದಕ್ಕೆ ಒಬ್ಬೊಬ್ರು ಒಂದೊಂದು ಉತ್ತರ ಕೊಟ್ಟವ್ರೆ. ದೇವ್ರಿಗೆ, ಪ್ರಕೃತಿಗೆ ಅಂದವ್ರು ನೇಣು, ಜೀವಾವಧಿ ಹಾಕಿದ್ರು. ಹಸುವಿನ ಯಜಮಾನನಿಗೆ ಅಂದ್ರೆ ಅದು ಆಸ್ತಿ ಕೇಸು. ಪ್ರಾಣಿಗೇ ಅಂತ ಯುರೋಪಿನವ್ರು ಹೇಳೋಕೆ ಶುರು ಮಾಡಿ ಇನ್ನೂ ಇಪ್ಪತ್ತು ವರ್ಷ ಆಗಿದೆ ಅಷ್ಟೇ. ನಾವು ಮೊದಲ್ನೇ ಉತ್ತರ ಬಿಟ್ಟಿದ್ದೀವಿ, ಮೂರನೇದಕ್ಕೆ ಇನ್ನೂ ಬಂದಿಲ್ಲ, ನಡುವೆ ಆಸ್ತಿ ಕೇಸಲ್ಲಿ ಕಾಲ ಹಾಕ್ತಿದ್ದೀವಿ.

ನಮ್ಮೂರಲ್ಲಿ ಹೀಗಾದ ಮೇಲೆ ಹಿರೀರು ಆ ಹಸು ಮನೇಲಿಟ್ಕೊಂಡ್ರೆ ಅನಿಷ್ಟ, ಮಾರ್ಬಿಡು ಅಂತಿದಾರೆ. ನಮ್ ಅತ್ತೆಯವ್ರು ಹಾಲು ಕೂಡ ಮುಟ್ತಿಲ್ಲ. ಶಾಸ್ತ್ರದಲ್ಲಿ ಹೀಗಿದ್ಯಾ? – ಗೃಹಿಣಿ, ಗೌರಿಬಿದನೂರು ತಾಲ್ಲೂಕು

ತಾಯಿ, ನಾನು ಶಾಸ್ತ್ರ ಓದ್ಕೊಂಡವ್ನಲ್ಲ. ಕಾನೂನಿನ ಕಡೆಯಿಂದ ಹೇಳ್ಬೋದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅದೇ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಲಿ ಶಾಮಶಾಸ್ತ್ರಿಗಳ ಕೈಗೆ ಓಲೆಗರಿ ಸಿಕ್ಕಿ 1909ರಲ್ಲಿ ಅಚ್ಚಾಯ್ತಲ್ಲ ಅದ್ರಲ್ಲಿ, ಪ್ರಾಣಿ ಜೊತೆ ಕೂಡಿದವ್ನಿಗೆ 12 ಪಣ ದಂಡ ಅಂತಿದೆ. ದಂಡ ಮನುಷ್ಯನಿಗೆ. ನಮ್ಮ ಈಗಿನ 10 ರೂಪಾಯಿ ದಂಡ ನೋಡಿದ್ರೆ ಕೌಟಿಲ್ಯನ ಕಾಲದಿಂದ ನಾವು ಮುಂದೆ ಬಂದಂಗೇ ಇಲ್ಲ ಬಿಡಿ.

ಪ್ರಾಣಿನೂ ಸೇರ್ಸಿ ಕೊಲ್ಲೋ ಪದ್ಧತಿ ಇದ್ದಿದ್ದು ಯುರೋಪು, ಅಮೆರಿಕದಲ್ಲಿ. ಅವ್ರ ಬೈಬಲ್ಲಿನ ಹಳೇ ಒಡಂಬಡಿಕೆ ಪ್ರಕಾರ ಇಬ್ರನ್ನೂ ಕೊಲ್ಬೇಕು, 1642ರಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ ಒಬ್ಬ ಹುಡುಗನ್ನ ನೇಣಿಗೆ ಹಾಕೋ ಮುಂಚೆ ಅವನ ಕಣ್ಮುಂದೆನೇ ಪ್ರಾಣಿಗಳನ್ನ ಕಡಿದ್ರು. ಆದ್ರೆ ಅಲ್ಲೂ ಒಂದು ಒಳ್ಳೆ ಕೇಸಿದೆ. 1750ರಲ್ಲಿ ಫ್ರಾನ್ಸಿನ ವಾನ್ವ್ರ್ ಅನ್ನೋ ಊರಲ್ಲಿ ಒಬ್ಬ ಗಂಡಸು ಹೆಣ್ಣು ಕತ್ತೆ ಜೊತೆ ಸಿಕ್ಕಿಬಿದ್ದ. ಅವನಿಗೆ ಮರಣದಂಡನೆ. ಕತ್ತೆದೂ ವಿಚಾರಣೆ ಆಯ್ತು. ಆಗ ಅಲ್ಲಿನ ಮಠದ ಗುರುಗಳು, ಊರ ದೊಡ್ಡೋರು ಎಲ್ಲ ಸೇರಿ, ಈ ಕತ್ತೆನ ನಾವು 4 ವರ್ಷದಿಂದ ನೋಡ್ತಿದ್ದೀವಿ, ಮನೇಲೂ ಆಚೆಲೂ ಮರ್ಯಾದೆಯಾಗಿ ನಡ್ಕೊಂಡಿದೆ, ಯಾವತ್ತೂ ಯಾರಿಗೂ ತೊಂದ್ರೆ ಮಾಡಿಲ್ಲ ಅಂತ ನಡತೆ ಪ್ರಮಾಣಪತ್ರ ಬರೆದು ಸಹಿ ಹಾಕಿ ಕೋರ್ಟಿಗೆ ಕೊಟ್ರು. ಕೋರ್ಟು ಒಪ್ತು, ಬಲವಂತಕ್ಕೆ ಒಳಗಾದ ಪ್ರಾಣಿ, ಅದ್ರ ತಪ್ಪಿಲ್ಲ ಅಂತ ಕತ್ತೆನ ಬಿಟ್ರು.

ಇದನ್ನ ನಿಮ್ಮತ್ತೆಯವ್ರಿಗೆ ಓದಿ ಹೇಳಿ. ಹಸು ಮಾರಿದ್ರೆ ಕೇಸಿಗೂ ಏಟು, ಮೊದ್ಲೇ ಹೇಳ್ದಂಗೆ ಸಾಕ್ಷಿ ಅದೇ. ಹಾಲಿನ ವಿಷ್ಯಕ್ಕೆ ಪಶು ಡಾಕ್ಟ್ರು ಒಂದು ಮಾತು ಹೇಳಿದ್ರೆ ನನ್ ಮಾತಿಗಿಂತ ಜಾಸ್ತಿ ನಂಬ್ತಾರೆ.

ಯಜಮಾನನೇ ತನ್ ಕುರಿ ಜೊತೆ ಮಾಡಿದ್ರೆ? ಯಾರೋ ನುಗ್ಗಿದ್ದೂ ಅಲ್ಲ, ಯಾರ ಆಸ್ತಿಗೂ ಲಾಸ್ ಇಲ್ಲ. ಗೋಹತ್ಯೆ ನಿಷೇಧ ಕಾಯ್ದೇಲಿ ಏನಾದ್ರೂ ಬರುತ್ತಾ, ದನ ಆದ್ರೆ? – ಓದುಗರು, ಶಿರಾ

ಸರಿಯಾದ ಜಾಗಕ್ಕೆ ಕೈ ಇಟ್ರಿ. ಕರ್ನಾಟಕದ 2020ರ ಗೋಹತ್ಯೆ ಕಾಯ್ದೆ ಕಡಿಯೋದು, ಸಾಗಿಸೋದು, ಮಾರೋದರ ಬಗ್ಗೆ, ಇದಕ್ಕೆ ಬರಲ್ಲ. ಅತಿಕ್ರಮ ಪ್ರವೇಶ ಇಲ್ಲ, 325 ಹಾಕೋದೂ ಕಷ್ಟ, ಅದು ಬೇರೆಯವ್ರಿಗೆ ನಷ್ಟ ಮಾಡೋದ್ರ ಮೇಲೆ ನಿಂತಿರೋ ಅಪರಾಧ. ಉಳಿಯೋದು 11(1)(ಎ) ಒಂದೇ, ಅದು ಯಜಮಾನನಿಗೂ ತಗಲುತ್ತೆ. ಶಿಕ್ಷೆ ಆದ್ರೆ ಅದೇ ಕಾಯ್ದೆಯ 29ರಲ್ಲಿ ಪ್ರಾಣಿನ ಅವನಿಂದ ಕಿತ್ಕೊಳೋ ಅಧಿಕಾರ ಕೋರ್ಟಿಗಿದೆ, ಅದನ್ನ ಕೇಳ್ಬೇಕು, ಕೇಳ್ದೆ ಯಾರೂ ಕೊಡಲ್ಲ.

ನಮ್ ಹುಡುಗ್ರು ಒಬ್ನನ್ನ ಹಿಡಿದು ಲೈಟ್ ಕಂಬಕ್ಕೆ ಕಟ್ಟಿ ಬಾರಿಸಿದ್ರು. ಆಮೇಲೆ ಅರಳಿಕಟ್ಟೇಲಿ ಪಂಚಾಯ್ತಿ ಮಾಡಿ 20 ಸಾವಿರ ದಂಡ ಹಾಕಿ ದೇವಸ್ಥಾನಕ್ಕೆ ಕಟ್ಟಿಸ್ಕೊಂಡ್ವಿ. ಈಗ ಅವ್ನೇ ನಮ್ ಮೇಲೆ ಕೇಸು ಕೊಟ್ಟವ್ನೆ! – ಗುಬ್ಬಿ ತಾಲ್ಲೂಕು

ಕೊಡ್ದೆ ಇನ್ನೇನು ಮಾಡ್ತಾನೆ. ಕಟ್ಟಿಹಾಕಿದ್ದು ಅಕ್ರಮ ಬಂಧನ, ಹೊಡೆದಿದ್ದು ಗಾಯ ಮಾಡಿದ್ದು, ಹೆದರಿಸಿ ದುಡ್ಡು ಕಟ್ಟಿಸ್ಕೊಂಡಿದ್ದು ಸುಲಿಗೆ ಅಂತ ಅವನ ಲಾಯರ್ ವಾದ ಮಾಡ್ತಾನೆ, ನಾನಾದ್ರೂ ಮಾಡ್ತಿದ್ದೆ. ನಿಮ್ ಹುಡುಗ್ರಿಗೆ ಅವನಿಗಿಂತ ಜಾಸ್ತಿ ಶಿಕ್ಷೆ ಆಗೋ ಪರಿಸ್ಥಿತಿ ಇದೆ ಇವತ್ತು, 50 ರೂಪಾಯಿ ದಂಡದ ಲೆಕ್ಕ ಮರೀಬೇಡಿ. ಅರಳಿಕಟ್ಟೆಗೆ ದಂಡ ಹಾಕೋ ಅಧಿಕಾರ ಇಲ್ಲ, ದೇವಸ್ಥಾನದ ಹುಂಡಿಗೆ ಹಾಕಿದ್ದಕ್ಕೆ ಅದು ಸರಿ ಆಗಲ್ಲ. ಕೂಡ್ಲೇ ಒಬ್ಬ ಲಾಯರ್ ಹಿಡೀರಿ, ನಿರೀಕ್ಷಣಾ ಜಾಮೀನು ಬೇಕಾ ನೋಡಿ, ಜೊತೆಗೆ ಮೂಲ ಘಟನೆದು ದೂರು ಇನ್ನೂ ಕೊಟ್ಟಿಲ್ಲ ಅಂದ್ರೆ ಕೊಡಿ. ಇನ್ಮೇಲೆ ಹಿಡಿದ್ರೆ 112ಕ್ಕೆ ಫೋನ್ ಮಾಡಿ, ಕೈ ಮಾಡ್ಬೇಡಿ.

ಇದೇ ಥರ ಮಾಲೂರಿನಿಂದ ಒಬ್ಬ ಹೆಣ್ಮಗಳು ತನ್ ತಮ್ಮನ ಬಗ್ಗೆ ಬರ್ದವ್ರೆ, ಕಾಗದ ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ. ಅವ್ರಿಗೆ ಇಷ್ಟೇ, ದೂರು ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ, ಎರಡೂ ಆಗ್ಬೋದಮ್ಮ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಕ್ಲಾಸ್ ಗ್ರೂಪಲ್ಲಿ ಇಂಥ ಒಂದು ವಿಡಿಯೋ ಬಂತು, ಎಲ್ರಿಗೂ ಗೊತ್ತಾಗ್ಲಿ ಅಂತ ನಾನೂ ಎರಡು ಗ್ರೂಪಿಗೆ ಕಳಿಸ್ದೆ, ತಪ್ಪಾ? – ಡಿಗ್ರಿ ವಿದ್ಯಾರ್ಥಿ, ತುಮಕೂರು

ತಪ್ಪೇ ಕಣಪ್ಪ. ಐಟಿ ಕಾಯ್ದೆ 67, 67ಎ. 67ಎ ಕೆಳಗೆ ಮೊದಲ ಸಲಕ್ಕೇ 5 ವರ್ಷದ ತನಕ ಜೈಲು, 10 ಲಕ್ಷದ ತನಕ ದಂಡ. ಕೃತ್ಯ ಮಾಡಿದವ್ನಿಗೆ 50 ರೂಪಾಯಿ, ವಿಡಿಯೋ ಕಳಿಸಿದವ್ನಿಗೆ 10 ಲಕ್ಷ, ನಮ್ ಕಾನೂನು ಹೀಗಿದೆ ಈಗ. ಗ್ರೂಪಿಂದ ಅಳಿಸಿ, ಇನ್ನೊಬ್ರಿಗೆ ಕಳಿಸ್ಬೇಡ, ಯಾವ ನಂಬರಿಂದ ಯಾವಾಗ ಬಂತು ಅಂತ ಬರ್ಕೊಂಡು ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡೋ) ಪೊಲೀಸ್ ಠಾಣೆಗೆ ಕೊಡು.

ಕೇಂದ್ರ ಮಾಡ್ಲಿಲ್ಲ ಅಂದ್ರೆ ನಮ್ ರಾಜ್ಯವೇ ಒಂದು ಕಾನೂನು ಮಾಡ್ಬಾರ್ದಾ? – ಹಾಲು ಉತ್ಪಾದಕರ ಸಂಘದ ಸದಸ್ಯರು, ಬಂಗಾರಪೇಟೆ

ಮಾಡ್ಬೋದು. ಈ ಇಡೀ ಕಂತೇಲಿ ನನಗೆ ಇಷ್ಟ ಆದ ಪ್ರಶ್ನೆ ಇದು. ಪ್ರಾಣಿ ಹಿಂಸೆ ತಡೆ ಸಂವಿಧಾನದ ಸಮವರ್ತಿ ಪಟ್ಟೀಲಿದೆ, 17ನೇ ನಮೂದು, ಕೇಂದ್ರನೂ ಮಾಡ್ಬೋದು, ರಾಜ್ಯನೂ ಮಾಡ್ಬೋದು, ಕೇಂದ್ರದ ಕಾಯ್ದೆ ತಿದ್ದೋದಾದ್ರೆ ರಾಷ್ಟ್ರಪತಿ ಅಂಕಿತ ಬೇಕು. ಕೇಂದ್ರ 2022ರ ನವೆಂಬರ್‌ನಲ್ಲಿ ಒಂದು ಕರಡು ತಿದ್ದುಪಡಿ ಬಿಟ್ಟಿತ್ತು, ಪಶು ಸಂಭೋಗನ ಘೋರ ಕ್ರೌರ್ಯ ಅನ್ನೋ ಗುಂಪಿಗೆ ಸೇರಿಸಿ 50 ಸಾವಿರದಿಂದ 75 ಸಾವಿರ ದಂಡ ಇಲ್ಲಾ 1ರಿಂದ 3 ವರ್ಷ ಜೈಲು ಅಂತ. ಜನರ ಅಭಿಪ್ರಾಯ ಕೇಳಿದ್ರು, ಅಲ್ಲಿಗೆ ನಿಂತೋಯ್ತು.

ರಾಜ್ಯಕ್ಕೆ ಈ ದಾರಿ ಗೊತ್ತಿಲ್ಲ ಅನ್ನೋಂಗಿಲ್ಲ. ಕಂಬಳಕ್ಕೆ, ಎತ್ತಿನ ಗಾಡಿ ಓಟಕ್ಕೆ ತೊಂದ್ರೆ ಬಂದಾಗ ಇದೇ 1960ರ ಕಾಯ್ದೆನ ನಮ್ಮ ವಿಧಾನಸೌಧದಲ್ಲಿ ತಿದ್ದಿ, 2018ರಲ್ಲಿ ರಾಷ್ಟ್ರಪತಿ ಅಂಕಿತ ತಂದು, 2023ರ ಮೇ 18ಕ್ಕೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲೂ ಗೆದ್ದು ಬಂದ್ರು. ಕರಾವಳಿ ಎಂಎಲ್‌ಎಗಳು ಪಕ್ಷ ಬಿಟ್ಟು ಒಂದಾಗಿದ್ರು ಅದಕ್ಕೆ. ಹಾಲು ಹಾಕೋ ನಮ್ ಮೂರು ಜಿಲ್ಲೆ ಎಂಎಲ್‌ಎಗಳಿಗೆ ಈ ವಿಷ್ಯ ಬಾಯಲ್ಲಿ ಎತ್ತೋಕೆ ನಾಚಿಕೆ, ಎತ್ತಿದ್ರೆ ನಗ್ತಾರೆ ಅಂತ ಭಯ. ನಿಮ್ ಸಂಘದ ವಾರ್ಷಿಕ ಮಹಾಸಭೇಲಿ ಒಂದು ಠರಾವು ಪಾಸ್ ಮಾಡಿ ಕಳಿಸಿ, ಸಿಂಗಾಪುರದ ಥರ ಪ್ರಾಣಿಗೇ ಅಂತ ಬೇರೆ ಸೆಕ್ಷನ್ನು, ಕೆನಡಾದ ಥರ ಯಾವುದೇ ಲೈಂಗಿಕ ಸಂಪರ್ಕ ಅಂತ ವ್ಯಾಖ್ಯೆ, ಡೆನ್ಮಾರ್ಕಿನ ಥರ ನೋವಿನ ಸಾಬೀತು ಬೇಡ, ಇಷ್ಟು ಬರೆದ್ರೆ ಅರ್ಧ ಪುಟ ಸಾಕು. ಕರಡು ಬೇಕಂದ್ರೆ ನಾನು ಬರೆದುಕೊಡ್ತೀನಿ, ಫೀಸ್ ಇಲ್ಲ, ಪತ್ರಿಕೆ ವಿಳಾಸಕ್ಕೆ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಕಾಗದ ಹಾಕಿ.